ಎಡಗಡೆ ಸೀಟಿನವಳು

ನಮ್ಮ ಯಜಮಾನರು ಮೂವತ್ತೊಂದು ವರ್ಷ ಊರವರಿಗೆಲ್ಲ ಕಾರು ಓಡಿಸುವುದನ್ನು ಕಲಿಸಿದವರು. ಊರಿನ ಅರ್ಧದಷ್ಟು ಜನ ಇವರ ಬೈಗುಳ ತಿಂದೇ ಲೈಸೆನ್ಸ್ ಪಡೆದವರು. ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ, ಎಲ್ಲರಿಗೂ ಇವರು ಮೇಷ್ಟ್ರು. ಸೊಂಟನೋವೆಂದು ಡ್ರೈವಿಂಗ್ ಸ್ಕೂಲು ಮುಚ್ಚಿ ಎರಡು ವರ್ಷವಾದರೂ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ "ನಮಸ್ಕಾರ ಮೇಷ್ಟ್ರೆ" ಎನ್ನುತ್ತಾನೆ. ಆಗ ಇವರ ಮುಖ ನೋಡಬೇಕು. ಮನೆ ತಲುಪುವವರೆಗೂ ಆ ಡ್ರೈವರು ಕಲಿಯುವಾಗ ಎಷ್ಟು ಸಲ ಗೇರು ಕಿರುಚಿಸಿದ್ದ ಎಂಬ ಕಥೆ ಕೇಳಬೇಕು.

ಹೆಂಡತಿಗೆ ಮಾತ್ರ ಕಲಿಸಲಿಲ್ಲ. ಕಲಿಸಲು ಶುರು ಮಾಡಿದ್ದೇನೋ ನಿಜ, ಐದನೆಯ ದಿನಕ್ಕೆ ಇಬ್ಬರೂ ಮಾತು ಬಿಟ್ಟಿದ್ದೆವು. ನನ್ನ ಜಾಗ ಎಡಗಡೆಯ ಸೀಟೇ ಎಂದು ಅಂದೇ ತೀರ್ಮಾನವಾಯಿತು. ಆದರೆ ನಾನು ಸುಮ್ಮನೆ ಕೂರುವ ಜಾತಿಯವಳಲ್ಲ. "ಎಡಕ್ಕೆ ಸೈಕಲ್ ಇದೆ ರೀ. ಮುಂದೆ ಹಂಪ್. ಆ ಮುದುಕ ರಸ್ತೆ ದಾಟ್ತಾನೆ ನೋಡಿ, ನಿಧಾನ, ನಿಧಾನ..." ಹೀಗೆ ಮನೆ ಬಿಟ್ಟಲ್ಲಿಂದ ಮನೆ ಸೇರುವವರೆಗೆ. ಮಗಳು ಚಿಕ್ಕವಳಿದ್ದಾಗ ಹಿಂದಿನ ಸೀಟಿನಲ್ಲಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ಇವರು "ಕಾರು ಓಡಿಸೋದು ನಾನೋ ನೀನೋ?" ಎಂದು ಗುಡುಗುತ್ತಿದ್ದರು. ಗುಡುಗಿದಷ್ಟೂ ನನ್ನ ಬಾಯಿ ಜೋರಾಗುತ್ತಿತ್ತು.

ಒಂದು ನಾಲ್ಕು ವರ್ಷದಿಂದ ಈ ಗುಡುಗು ನಿಂತುಹೋಗಿತ್ತು. ನಾನು ಹೇಳುತ್ತ ಹೋದರೆ ಇವರು "ಹೂಂ, ಹೂಂ" ಎನ್ನುತ್ತ ಕೇಳಿಸಿಕೊಳ್ಳುತ್ತಿದ್ದರು. ಯಾವತ್ತಾದರೂ ನಾನು ಸುಮ್ಮನಿದ್ದರೆ "ಯಾಕೆ, ಇವತ್ತು ರೇಡಿಯೋ ಕೆಟ್ಟಿದೆಯಾ?" ಎಂದು ತಾವೇ ಕೆಣಕುತ್ತಿದ್ದರು. ಮೂವತ್ತು ವರ್ಷ ಸಂಸಾರ ಮಾಡಿದ ಮೇಲಾದರೂ ಈ ಮನುಷ್ಯನಿಗೆ ಹೆಂಡತಿಯ ಮಾತಿನ ಬೆಲೆ ಗೊತ್ತಾಯಿತಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ನನ್ನ ಹೊಲಿಗೆ ಅಂಗಡಿಯ ಕಾಜಾದಕ್ಕನ ಹತ್ತಿರ ಹೇಳಿಕೊಂಡೂ ಇದ್ದೆ.

ಇವರಿಗೆ ಹೊಸ ಕಾಲದ ಕಾರುಗಳನ್ನು ಕಂಡರೆ ಆಗುತ್ತಿರಲಿಲ್ಲ. "ಅದು ಕಾರಲ್ಲ ಕಣೇ, ಮೊಬೈಲ್‌ಗೆ ನಾಲ್ಕು ಚಕ್ರ ಹಾಕಿದಾರೆ ಅಷ್ಟೆ. ಹಿಂದಕ್ಕೆ ತಿರುಗಿ ನೋಡೋಕೆ ಕತ್ತು ನೋಯೋರಿಗೆ ಒಂದು ಕ್ಯಾಮೆರಾ, ಗೇರು ಹಾಕೋಕೆ ಸೋಮಾರಿತನ ಇರೋರಿಗೆ ಒಂದು ಬಟನ್ನು. ನಾಳೆ ಕಾರೇ ಆಫೀಸಿಗೆ ಹೋಗಿ ಬರತ್ತೆ, ಇವರು ಮನೇಲಿ ಮಲಗಿರ್ತಾರೆ" ಎಂದು ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಭಾಷಣ ಬಿಗಿಯುತ್ತಿದ್ದರು. ಅಂಥವರು ಒಂದು ದಿನ ಹಳೆಯ ಕಾರನ್ನು ಮಾರಿ, ಎದುರಿಗೆ ಏನಾದರೂ ಬಂದರೆ ತಾನೇ ಕೂಗಿ ತಾನೇ ಬ್ರೇಕ್ ಹಾಕಿಕೊಳ್ಳುವ ಹೊಸ ಕಾರನ್ನು ತಂದು ಬಾಗಿಲಿಗೆ ನಿಲ್ಲಿಸಿದರು. ಕ್ಷೌರದಂಗಡಿಯವರೆಲ್ಲ ನೋಡಲು ಬಂದರು. ಮೇಷ್ಟ್ರಿಗೆ ತಲೆ ಕೆಟ್ಟಿದೆಯೋ ಬುದ್ಧಿ ಬಂದಿದೆಯೋ ಎಂದು ಅವರವರಲ್ಲೇ ವಾದವಾಯಿತು.

ಶೋರೂಮಿನಲ್ಲಿ ಫೋನ್ ನಂಬರು ಕೇಳಿದಾಗ ಇವರು ನನ್ನದು ಕೊಟ್ಟಿದ್ದರು. ಇವರದು ಇನ್ನೂ ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಕಾರಿನ ಆ್ಯಪ್ ಹಿಡಿಸುವುದಿಲ್ಲ. ಹಾಗಾಗಿ ಕಾರು ಇವರದಾದರೂ ಅದರ ವರದಿಯೆಲ್ಲ ನನಗೆ. ಕಾರು ಎಲ್ಲಿದೆ ಎಂದು ನಕಾಶೆಯ ಮೇಲೆ ಒಂದು ನೀಲಿ ಚುಕ್ಕೆ. ಅದಾಗಿಯೇ ಬ್ರೇಕ್ ಹಾಕಿಕೊಂಡರೆ ಟಿಣ್ ಎಂದು ಒಂದು ಸಂದೇಶ: "ತುರ್ತು ಬ್ರೇಕ್ ಬಳಸಲಾಗಿದೆ. ಗಮನವಿಟ್ಟು ಚಲಾಯಿಸಿ." ಮೂವತ್ತೊಂದು ವರ್ಷ ಊರಿಗೆಲ್ಲ ಗಮನವಿಡು ಎಂದು ಹೇಳಿದವರಿಗೆ ಈ ಮಾತು!

ಮೊದಲ ದಿನ ನನ್ನನ್ನು ಕೂರಿಸಿಕೊಂಡು ಹೊರಟರು. ಕಾರು ಎರಡು ಸಲ ಕೂಗಿತು. ಇವರು ಉಬ್ಬಿಹೋಗಿ, "ನೋಡಿದ್ಯಾ? ಇನ್ನು ನೀನು ಆರಾಮಾಗಿ ಬಾಯಿ ಮುಚ್ಕೊಂಡು ಕೂತ್ಕೋಬಹುದು" ಎಂದರು.

ತಮಾಷೆಗೇ ಹೇಳಿದ್ದಿರಬಹುದು. ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷದ ನನ್ನ ಕೆಲಸವನ್ನು ಒಂದು ಡಬ್ಬಿಗೆ ವಹಿಸಿಕೊಟ್ಟರಲ್ಲ ಎನಿಸಿತು. ಸರಿ, ಬಾಯಿಗೆ ಬೀಗ ಹಾಕಿಕೊಂಡೆ. ಮೂರು ವಾರ ಎಡಗಡೆ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತೆ. ಎಮ್ಮೆ ಅಡ್ಡ ಬಂದರೂ ಸುಮ್ಮನಿದ್ದೆ. ಬೇಕಿದ್ದರೆ ಆ ಡಬ್ಬಿಯೇ ಹೇಳಲಿ, ಎಂದುಕೊಂಡೆ.

ನನ್ನದು ಶಾಲೆಯ ಯೂನಿಫಾರ್ಮ್ ಹೊಲಿಯುವ ಅಂಗಡಿ. ಅಂಗಡಿಯೆಂದರೆ ಉದ್ದನೆಯ ಒಂದು ಕೋಣೆ, ಕತ್ತರಿಸುವ ಮೇಜು, ನಾಲ್ಕು ಮಷಿನ್ನು, ಗೋಡೆಗೆ ಒರಗಿಸಿದ ನೀಲಿ ಬಟ್ಟೆಯ ಥಾನುಗಳು. ಅಳತೆ, ಕಟಿಂಗ್ ನನ್ನದು. ಕಾಜಾ ಹಾಕಿ ಗುಂಡಿ ಹೊಲಿಯುವವಳೇ ಕಾಜಾದಕ್ಕ. ಅವಳಿಗೆ ಜಗತ್ತಿನ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿದೆ. ಓವರ್‌ಲಾಕ್ ಮಷಿನ್ನಿನ ಹುಡುಗಿಗೆ ಅದಕ್ಕೆ ಸರಿಯಾಗಿ ಉಲ್ಟಾ ಅಭಿಪ್ರಾಯವಿದೆ.

"ತಾನೇ ಬ್ರೇಕ್ ಹಾಕೋ ಕಾರಾ? ನಾಳೆ ತಾನೇ ಎಲ್ಲಾದ್ರೂ ಹೊರಟುಹೋದ್ರೆ?" ಎಂದು ಕಾಜಾದಕ್ಕ ಶುರು ಮಾಡಿದಳು. "ನನ್ನ ಫೋನ್ ಕಥೆ ಕೇಳಿ. ಮಂಡಿನೋವು ಅಂತ ಬಾಯಲ್ಲಿ ಅಂದ್ರೆ ಸಾಕು, ಸಂಜೆಯೊಳಗೆ ಎಣ್ಣೆ ಜಾಹೀರಾತು ಬಂದಿರತ್ತೆ. ಯಾರೋ ಒಳಗೆ ಕೂತು ಕದ್ದು ಕೇಳ್ತಾರೆ."

"ಮನುಷ್ಯರಿಗಿಂತ ಮಷಿನ್ನೇ ವಾಸಿ ಬಿಡಿ ಅಕ್ಕ," ಎಂದಳು ಓವರ್‌ಲಾಕ್ ಹುಡುಗಿ. "ಅದು ಕುಡಿಯಲ್ಲ, ತೂಕಡಿಸಲ್ಲ, ಹೆಂಡತಿ ಮೇಲಿನ ಸಿಟ್ಟನ್ನ ಆಕ್ಸಿಲರೇಟರ್ ಮೇಲೆ ತೀರಿಸ್ಕೊಳ್ಳಲ್ಲ."

ನನಗೂ ಮೊದಮೊದಲು ಟಿಣ್ ಎಂದಾಗಲೆಲ್ಲ ನಗು ಬರುತ್ತಿತ್ತು. ಕಾರು ನನ್ನ ಹತ್ತಿರ ಬಂದು ಗಂಡನ ಮೇಲೆ ಚಾಡಿ ಹೇಳುತ್ತಿದೆ ಎಂದು ತಮಾಷೆ ಮಾಡುತ್ತಿದ್ದೆ. ಎರಡನೆಯ ವಾರ ಎಣಿಸತೊಡಗಿದೆ. ತರಕಾರಿ ತರಲು ಹೋದರೆ ಒಂದು. ಬ್ಯಾಂಕಿಗೆ ಹೋದರೆ ಎರಡು. ಇಷ್ಟೊಂದು ಯಾಕೆ ಎಂದು ಕೇಳಿದರೆ, "ಹೊಸ ಕಾರು, ಸ್ವಲ್ಪ ಹೆದರುಪುಕ್ಕಲು" ಎಂದು ನಕ್ಕರು. ಕಾರಿನ ಎಡಮಗ್ಗುಲಲ್ಲಿ ಎರಡು ಗೀರುಗಳೂ ಕಂಡವು. ಯಾರೋ ನಿಲ್ಲಿಸಿದ ಕಾರಿಗೆ ಉಜ್ಜಿಕೊಂಡು ಹೋಗಿದ್ದಾರೆ ಎಂದರು. ನಾನೂ ಯಾರೋ ಎಂಬ ಆ ಪಾಪಿಯನ್ನು ಬೈದು ಸುಮ್ಮನಾದೆ.

ಈ ಹೊತ್ತಿಗೆ ಮಗಳ ಡ್ಯೂಟಿ ಬದಲಾಯಿತು. ಅವಳು ಊರಿನ ಆಸ್ಪತ್ರೆಯಲ್ಲಿ ನರ್ಸು. ಅಳಿಯ ಕೆಲಸದ ಮೇಲೆ ದೂರದೂರಿನಲ್ಲಿರುತ್ತಾನೆ. ಹೊಸ ವಾರ್ಡಿನಲ್ಲಿ ಎರಡು ವಾರ ತರಬೇತಿ, ಬೆಳಗ್ಗೆ ಆರಕ್ಕೇ ಹಾಜರಿರಬೇಕು. ಅವಳ ಆರು ವರ್ಷದ ಮಗಳನ್ನು ಶಾಲೆಗೆ ಬಿಡುವವರು ಯಾರು? ನಾವು ಆ ಮಗುವನ್ನು ಕರೆಯುವುದು ಚಿನಕುರಳಿ ಎಂದು. ಬಾಯಿ ನನ್ನದೇ.

"ತಾತ ಬಿಡ್ತಾರೆ" ಎಂದರು ಇವರು, ಯಾರೂ ಕೇಳುವ ಮೊದಲೇ.

"ಅಪ್ಪ ಇರೋವಾಗ ನಂಗೇನು ಚಿಂತೆ" ಎಂದಳು ಮಗಳು. "ಮೇಷ್ಟ್ರು ಬೇರೆ, ಕಾರು ಬೇರೆ ತಾನೇ ಬ್ರೇಕ್ ಹಾಕತ್ತೆ."

ಸೋಮವಾರದಿಂದ ಎಂದು ಗೊತ್ತಾಯಿತು. ಅದರ ಹಿಂದಿನ ಭಾನುವಾರ ನಾವಿಬ್ಬರೂ ದಾರದ ಉಂಡೆ ತರಲು ಪೇಟೆಗೆ ಹೊರಟೆವು. ಔಷಧಿ ಅಂಗಡಿಯ ಹತ್ತಿರ ಒಬ್ಬ ಹೆಂಗಸು ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಎಡಗಡೆಯ ಫುಟ್‌ಪಾತಿನಿಂದ ರಸ್ತೆಗೆ ಇಳಿಯುತ್ತಿದ್ದಳು. ನನಗೆ ದೂರದಿಂದಲೇ ಕಂಡಳು. ಕೆಂಪು ಗಾಡಿ, ಅದರ ಮೇಲೆ ಕೊಡೆ ಬೇರೆ. ನಾಲಿಗೆ ತುದಿಗೆ ಬಂದ ಮಾತನ್ನು ತಡೆದುಕೊಂಡೆ. ಇವರು ವೇಗ ತಗ್ಗಿಸಲಿಲ್ಲ. ನನ್ನ ಬಾಯಿ ಬಿಡಿಸಲೆಂದೇ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡು ಹಲ್ಲು ಕಚ್ಚಿ ಕೂತೆ. ಅಷ್ಟರಲ್ಲಿ ಕಾರು ಕಿಟಾರನೆ ಕೂಗಿ ನಿಂತಿತು. ಬೆಲ್ಟು ನನ್ನ ಎದೆಗೆ ಬಿಗಿಯಿತು. ಗಾಡಿಗೂ ನಮಗೂ ನಡುವೆ ಎರಡು ಗೇಣು.

"ಎಲ್ಲಿಂದ ಬಂದ್ಲೇ ಇವಳು?" ಎಂದರು ಇವರು. ಆ ದನಿಯಲ್ಲಿ ನಾಟಕವಿರಲಿಲ್ಲ. ನಿಜವಾಗಿಯೂ ಅವಳು ನೆಲದಿಂದ ಎದ್ದು ಬಂದಳೋ ಎನ್ನುವಂತೆ ನೋಡುತ್ತಿದ್ದರು. ಆಮೇಲೆ ನಗುತ್ತ, "ನೋಡಿದ್ಯಾ, ಹೆಂಗೆ ನಿಂತಿತು?" ಎಂದರು. ನನಗೆ ನಗು ಬರಲಿಲ್ಲ. ದಾರ ಕೊಳ್ಳುವಾಗ ಬಣ್ಣವನ್ನು ಎರಡು ಸಲ ತಪ್ಪಾಗಿ ಹೇಳಿದೆ.

ಸೋಮವಾರ ಬೆಳಗ್ಗೆ ಮಗಳು ಮಗುವನ್ನು ನಮ್ಮ ಮನೆಯಲ್ಲಿ ಬಿಟ್ಟು ಡ್ಯೂಟಿಗೆ ಹೋದಳು, ಶಾಲೆಯ ಹೊತ್ತಿಗೆ ಇವರು ಚಿನಕುರಳಿಯನ್ನು ಕೂರಿಸಿಕೊಂಡು ಹೋದರು. ನಾನು ಅಂಗಡಿಯಲ್ಲಿ ಸ್ಕರ್ಟಿನ ಪಟ್ಟಿ ಕತ್ತರಿಸುತ್ತಿದ್ದೆ. ಎರಡು ಸಲ ಟಿಣ್ ಎಂದಿತು. ಆ ಶಬ್ದಕ್ಕೆ ಕಾಜಾದಕ್ಕನಿಗೆ ಏನೋ ನೆನಪಾಗಿ ನಗತೊಡಗಿದಳು.

"ನಿಮ್ಮ ಮೇಷ್ಟ್ರು ಆಸಾಮಿ ಬಿಡಿ. ಹೋದ ತಿಂಗಳು ನಮ್ಮೋರು ಲೈಸೆನ್ಸ್ ರಿನ್ಯೂವಲ್‌ಗೆ ಹೋಗಿದ್ರಲ್ಲ, ಇವರೂ ಅಲ್ಲೇ ಸಾಲಲ್ಲಿ ಇದ್ರಂತೆ. ಕಣ್ಣು ಪರೀಕ್ಷೆ. ಗೋಡೆ ಮೇಲೆ ಅಕ್ಷರದ ಬೋರ್ಡು ಹಾಕಿರ್ತಾರಲ್ಲ, ಓದಿ ಅಂದ್ರೆ ಇವರು ಅದರ ಕಡೆ ತಿರುಗೂ ನೋಡದೆ ಕೆಳಗಿನ ಸಾಲಿಂದ ಮೇಲಿನ ಸಾಲಿನವರೆಗೆ ಪಟಪಟ ಹೇಳಿಬಿಟ್ರಂತೆ! ಮೂವತ್ತು ವರ್ಷ ಹುಡುಗರನ್ನ ಕರ್ಕೊಂಡು ಹೋಗಿ ಹೋಗಿ ಬಾಯಿಪಾಠ ಆಗಿದೆಯಂತೆ. ಆಫೀಸಿನೋರೆಲ್ಲ ಬಿದ್ದು ಬಿದ್ದು ನಕ್ಕು, ಮೇಷ್ಟ್ರಿಗೆ ಎಂಥ ಪರೀಕ್ಷೆ ಅಂತ ಸಹಿ ಹಾಕಿ ಕೊಟ್ರಂತೆ."

ಓವರ್‌ಲಾಕ್ ಹುಡುಗಿಯೂ ನಕ್ಕಳು. ನನ್ನ ಕತ್ತರಿ ಬಟ್ಟೆಯ ನಡುವೆ ನಿಂತಿತು. ಗೀರುಗಳು, ಟಿಣ್ ಟಿಣ್, ಕೆಂಪು ಗಾಡಿ, "ಎಲ್ಲಿಂದ ಬಂದ್ಲೇ" ಎಂಬ ಮಾತು, ಎಲ್ಲವೂ ಒಟ್ಟಿಗೆ ನನ್ನ ಮೇಲೆ ಬಿದ್ದವು.

ಸಂಜೆ ಇವರು ಅಡುಗೆಮನೆಯ ಮೇಜಿನ ಮುಂದೆ ಕೂತು ಕನ್ನಡಕ ಒರೆಸುತ್ತಿದ್ದರು. ಮಗು ಅವರಮ್ಮನ ಜೊತೆ ಮನೆಗೆ ಹೋಗಿತ್ತು. ನಾನು ಸುತ್ತಿ ಬಳಸಿ ಕೇಳುವವಳಲ್ಲ.

"ರೀ, ಎಡಗಣ್ಣು ಯಾವಾಗಿಂದ ಕಾಣಲ್ಲ?"

ಒರೆಸುವ ಕೈ ನಿಂತಿತು. "ಯಾರು ಹೇಳಿದ್ದು?"

"ನಿಮ್ಮ ಕಾರೇ ಹೇಳ್ತು. ದಿನಾ ಹೇಳ್ತಿದೆ. ನಾನೇ ಬೆಪ್ಪುತಕ್ಕಡಿ, ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ."

ಕನ್ನಡಕವನ್ನು ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ಎಲ್ಲವನ್ನೂ ಹೇಳಿದರು. ನಾಲ್ಕು ವರ್ಷದಿಂದ. ಕಣ್ಣಿನ ನರ ಒಣಗುತ್ತಿದೆಯಂತೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲವಂತೆ. ಎಡಗಡೆ ಪರದೆ ಎಳೆದ ಹಾಗೆ. ಸ್ಕೂಲು ಮುಚ್ಚಿದ್ದು ಸೊಂಟನೋವಿಗಲ್ಲ, ಇದಕ್ಕೇ. ಗಾಡಿ ಬಿಡಿ ಎಂದು ಡಾಕ್ಟರು ಹೇಳಿದ್ದರಂತೆ. ಹೇಳಿದ ದಿನವೂ ತಾವೇ ಕಾರು ಓಡಿಸಿಕೊಂಡು ಮನೆಗೆ ಬಂದರಂತೆ.

"ನಾಲ್ಕು ವರ್ಷ! ಹೇಗ್ರೀ ಓಡಿಸಿದ್ರಿ?"

"ನೀನಿದ್ಯಲ್ಲ ಪಕ್ಕದಲ್ಲಿ," ಎಂದರು. "ನೀನು ಎಡಕ್ಕೆ ಸೈಕಲ್ ಅಂದ್ರೆ ನಾನು ಬಲಕ್ಕೆ ಸರೀತಿದ್ದೆ. ನಿಧಾನ ಅಂದ್ರೆ ನಿಧಾನ. ಆ ಕಡೆ ನಿನ್ನ ಬಾಯಲ್ಲೇ ನೋಡಿದ್ದು ಕಣೇ."

ನನಗೆ ಸಿಟ್ಟು ಬರಬೇಕಿತ್ತು. ನಾಲ್ಕು ವರ್ಷ ನನ್ನ ಮಾತು ಕೇಳಿದ್ದು ಪ್ರೀತಿಗಲ್ಲ, ಗತಿಯಿಲ್ಲದೆ ಎಂದು ಗೊತ್ತಾದಾಗ ಯಾವ ಹೆಂಗಸಿಗೆ ಸಿಟ್ಟು ಬರುವುದಿಲ್ಲ? ಆದರೆ ಬಂದದ್ದು ಅದಲ್ಲ. ಕಣ್ಣು ತುಂಬಿ ಬಂತು. ಈ ಮನುಷ್ಯ ಊರಿನ ಮುಂದೆ ಎದೆಯುಬ್ಬಿಸಿ ಓಡಾಡಿದ್ದು ನನ್ನ ಮಾತಿನ ಮೇಲೆ ಎಂಬ ಹೆಮ್ಮೆ ಬಂತು. ಆ ಹೆಮ್ಮೆಯೇ ನನ್ನನ್ನು ಹಾಳು ಮಾಡಿದ್ದು.

"ಮತ್ತೆ ಬಾಯಿ ಮುಚ್ಕೊಂಡು ಕೂತ್ಕೋ ಅಂದ್ರಲ್ಲ?"

"ನೀನಿಲ್ಲದೆ ಆಗತ್ತಾ ಅಂತ ನೋಡ್ಬೇಕಿತ್ತು. ಅವಳ ಡ್ಯೂಟಿ ಬದಲಾಗತ್ತೆ ಅಂತ ಹೋದ ತಿಂಗಳೇ ಹೇಳಿದ್ಲಲ್ಲ. ಮಗೂನ ಕರ್ಕೊಂಡು ಹೋಗೋವಾಗ ನೀನಿರಲ್ಲ. ಅದಕ್ಕೇ ಈ ಕಾರು ತಗೊಂಡಿದ್ದು. ಇದು ನಿನಗಿಂತ ಬೇಗ ನೋಡತ್ತೆ. ಭಾನುವಾರ ನೋಡಿದ್ಯಲ್ಲ ನೀನೇ?" ನನ್ನ ಕೈ ಹಿಡಿದುಕೊಂಡರು. "ಎರಡೇ ವಾರ. ಅವಳ ತರಬೇತಿ ಮುಗಿಯೋವರೆಗೆ. ಆಮೇಲೆ ಬೀಗದಕೈ ನಿನ್ನ ಕೈಗೇ ಕೊಡ್ತೀನಿ. ಅಲ್ಲಿವರೆಗೆ ಮಗಳಿಗೆ ಹೇಳ್ಬೇಡ. ಅವಳ ಕಣ್ಣಲ್ಲಿ ನಾನು ಇನ್ನೂ ಮೇಷ್ಟ್ರು."

ಒಪ್ಪಿದೆ. ಹೌದು, ಒಪ್ಪಿದೆ. ಹೇಳಿದರೆ ಮಗಳು ತರಬೇತಿ ಬಿಡಬೇಕಾಗುತ್ತದೆ, ಹೊಸ ವಾರ್ಡು ಕೈತಪ್ಪುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗಿದ್ದರೆ ನಾನೇ ಜೊತೆಗೆ ಹೋಗಿ ಪಕ್ಕದಲ್ಲಿ ಕೂರಬಹುದಿತ್ತಲ್ಲ? ಕೂರಬಹುದಿತ್ತು. ಶುಕ್ರವಾರಕ್ಕೆ ನೂರಾ ನಲವತ್ತು ಸ್ಕರ್ಟು ಕೊಡಬೇಕಿತ್ತು. ಬೆಳಗಿನ ಆ ಒಂದು ಗಂಟೆ ನನಗೆ ದೊಡ್ಡದಾಗಿ ಕಂಡಿತು.

ಮಂಗಳವಾರ ಬೆಳಗ್ಗೆ ಫೋನನ್ನು ಕತ್ತರಿಸುವ ಮೇಜಿನ ಮೇಲೆ ಬಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡೆ. ನೀಲಿ ಚುಕ್ಕೆ ನಮ್ಮ ಬೀದಿ ಬಿಟ್ಟು ಪೇಟೆ ಸುತ್ತಿ ಕಾಲುವೆಯ ಸೇತುವೆ ದಾಟಿ ಶಾಲೆಯ ಮುಂದೆ ನಿಲ್ಲುವವರೆಗೆ ಹದಿನೆಂಟು ನಿಮಿಷ. ಹದಿನೆಂಟು ನಿಮಿಷವೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ಎರಡು ಸಲ ಟಿಣ್ ಎಂದಿತು. ಆದರೂ ಕೂಗಿತಲ್ಲ, ನಿಂತಿತಲ್ಲ, ಅದು ನೋಡಿಕೊಳ್ಳುತ್ತಿದೆಯಲ್ಲ ಎಂದು ಉಸಿರು ಬಿಟ್ಟೆ. ಬುಧವಾರ ಮೂರು ಸಲ. ಬುಧವಾರ ಎರಡು ಸ್ಕರ್ಟಿನ ಅಳತೆ ತಪ್ಪಿ ಬಟ್ಟೆ ಹಾಳಾಯಿತು. "ಏನಾಗಿದೆ ಅಕ್ಕ ನಿಮಗೆ?" ಎಂದಳು ಹುಡುಗಿ. ಫೋನಿನ ಹುಚ್ಚು ಹಿಡಿದಿದೆ ಎಂದು ಕಾಜಾದಕ್ಕ ಅವಳಿಗೆ ವಿವರಿಸಿದಳು. ಈ ವಯಸ್ಸಿನಲ್ಲಿ ಹಿಡಿದರೆ ಬಿಡುವುದಿಲ್ಲವಂತೆ.

ಬುಧವಾರ ಸಂಜೆ ಇವರ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಪ್ರಿಂಟಿಂಗ್ ಅಂಗಡಿಯವನು. ಮೇಷ್ಟ್ರ ಹೊಸ ಕಾರಿಗೆ ತನ್ನದೊಂದು ಕಾಣಿಕೆ ಎಂದು ಇವರ ಡ್ರೈವಿಂಗ್ ಸ್ಕೂಲಿನ ಹಳೆಯ ಸ್ಟಿಕ್ಕರನ್ನು ಹೊಸದಾಗಿ ಅಚ್ಚು ಹಾಕಿಸಿ ತಂದಿದ್ದ. ಮೂವತ್ತೊಂದು ವರ್ಷ ಇವರ ಎಲ್ಲ ಕಾರಿನ ಮುಂದಿನ ಗಾಜಿನ ಮೇಲ್ಗಡೆ, ಸರಿಯಾಗಿ ನಡುವೆ, ಅಂಗೈಯಗಲದ ಆ ಹಳದಿ ಸ್ಟಿಕ್ಕರ್ ಇತ್ತು. ಇವರ ಕಣ್ಣು ಹನಿಗೂಡಿತು. ನಾನು ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ ಕೊಟ್ಟೆ. ಇವರು ಗಾಳಿಗುಳ್ಳೆ ಬರದ ಹಾಗೆ ಬೆರಳಿನಿಂದ ತೀಡಿ ತೀಡಿ ಅಂಟಿಸಿದರು. ಎಷ್ಟೋ ದಿನಗಳ ಮೇಲೆ ಆವತ್ತು ಊಟ ಮಾಡುವಾಗ ಇಬ್ಬರೂ ನಕ್ಕೆವು.

ಗುರುವಾರ ಬೆಳಗ್ಗೆ ಅವರು ಹೊರಟ ಮೇಲೆ ನಾನು ಅಂಗಡಿ ತೆರೆದು ಫೋನು ಮುಂದಿಟ್ಟುಕೊಂಡೆ. ಚುಕ್ಕೆ ಪೇಟೆಯ ಕಡೆ ಹೋಗುತ್ತಿತ್ತು. ಟಿಣ್ ಎಂದಿತು. ನೋಡಿದರೆ ದಿನಾ ಬರುವ ಸಂದೇಶವಲ್ಲ.

"ಮುಂಭಾಗದ ಕ್ಯಾಮೆರಾ ಮುಚ್ಚಿದೆ. ಸ್ವಯಂ ಬ್ರೇಕ್ ಮತ್ತು ಎಚ್ಚರಿಕೆ ಸೌಲಭ್ಯ ಲಭ್ಯವಿಲ್ಲ."

"ಈ ಕಾರುಗಳಲ್ಲಿ ಕ್ಯಾಮೆರಾ ಎಲ್ಲಿರತ್ತೆ?" ಎಂದು ಹುಡುಗಿಯನ್ನು ಕೇಳಿದೆ.

"ಮುಂದಿನ ಗಾಜಲ್ಲಿ ಅಕ್ಕ. ಮೇಲ್ಗಡೆ, ಸರಿಯಾಗಿ ನಡುವೆ. ಕನ್ನಡಿ ಹಿಂದೆ."

ಇವರಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಎತ್ತುವುದೂ ಇಲ್ಲ. ಸ್ಟೀರಿಂಗ್ ಹಿಡಿದವನು ಫೋನ್ ಮುಟ್ಟಬಾರದು ಎಂದು ಊರಿಗೆಲ್ಲ ಹೇಳಿಕೊಟ್ಟವರು ಇವರೇ. ಆ ಒಂದು ವಿಷಯದಲ್ಲಿ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಮೂರನೆಯ ಸಲ ರಿಂಗಾಗುತ್ತಿದ್ದ ಹಾಗೆಯೇ ನಾನು ಬೀದಿಗಿಳಿದು ಓಡುತ್ತಿದ್ದೆ.

ಕಾರಿನ ದಾರಿ ಪೇಟೆ ಸುತ್ತಿ ಹೋಗುತ್ತದೆ. ಕಾಲುವೆಯ ಪಕ್ಕದ ಓಣಿಯಲ್ಲಿ ಹೋದರೆ ಶಾಲೆ ಹತ್ತಿರ. ಐವತ್ತೆಂಟು ವರ್ಷದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಸೀಮೆಸುಣ್ಣ, ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಓಡುವುದನ್ನು ನೋಡಿ ಜನ ಪಕ್ಕಕ್ಕೆ ಸರಿದರು. ಓಡುತ್ತಲೇ ಫೋನು ನೋಡುತ್ತಿದ್ದೆ. ಚುಕ್ಕೆ ಪೇಟೆ ದಾಟಿತು. ಸೇತುವೆ ಹತ್ತಿತು. ಟಿಣ್ ಎನ್ನಲಿಲ್ಲ. ಟಿಣ್ ಎನ್ನಲಿ ದೇವರೇ, ಒಂದೇ ಒಂದು ಸಲ ಕೂಗಲಿ ಎಂದು ಬೇಡಿಕೊಂಡೆ. "ಎಡಕ್ಕೆ ನೋಡಿ ರೀ, ನಿಧಾನ, ನಿಧಾನ" ಎಂದು ನನ್ನ ಬಾಯಿ ತಾನಾಗಿಯೇ ಹೇಳುತ್ತಿತ್ತು. ಕೇಳಿಸಿಕೊಳ್ಳಬೇಕಾದವರು ಅರ್ಧ ಮೈಲಿ ಆಚೆ ಇದ್ದರು.

ಚುಕ್ಕೆ ನಿಂತಿತು. ಶಾಲೆಯ ಮುಂದಲ್ಲ, ಅದಕ್ಕೆ ಸ್ವಲ್ಪ ಈಚೆಗೆ.

ನಾನು ತಲುಪಿದಾಗ ಜನ ಸೇರಿದ್ದರು. ಕಾರು ರಸ್ತೆಯ ನಡುವೆ ಓರೆಯಾಗಿ ನಿಂತಿತ್ತು, ಎಡಗಡೆಯ ಕನ್ನಡಿ ಮುರಿದು ನೇತಾಡುತ್ತಿತ್ತು. ದಿನಾ ಬೆಳಗ್ಗೆ ಹಳದಿ ಕೋಟು ಹಾಕಿ, ದುಂಡನೆಯ ಕೆಂಪು ಹಲಗೆ ಎತ್ತಿ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸು ಫುಟ್‌ಪಾತಿನ ಅಂಚಿನಲ್ಲಿ ಕೂತು ಬಲಗೈಯನ್ನು ಎದೆಗೆ ಅವುಚಿಕೊಂಡಿದ್ದಳು. ಹಲಗೆ ಎರಡು ತುಂಡಾಗಿ ಬಿದ್ದಿತ್ತು. ಅವಳ ಹಿಂದೆ ಐದು ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಸಾಲಾಗಿ ನಿಂತೇ ಇದ್ದವು. ಇನ್ನೂ ರಸ್ತೆಗೆ ಇಳಿದಿರಲಿಲ್ಲ. ಒಂದು ಹೆಜ್ಜೆ ಬಾಕಿಯಿತ್ತು.

ಹಿಂದಿನ ಬಾಗಿಲು ತೆಗೆದೆ. ಚಿನಕುರಳಿ ಸೀಟಿನಲ್ಲಿ ಕೂತಿತ್ತು. ಎಲ್ಲೂ ಏಟಾಗಿರಲಿಲ್ಲ. ಅಳುತ್ತಿರಲಿಲ್ಲ. ಮಾತೂ ಆಡುತ್ತಿರಲಿಲ್ಲ. ಆ ಮಗು ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೇ ಮೊದಲು.

"ಕೈ ಎತ್ತಿ ನಿಂತಿದ್ದೆನಲ್ಲ ಮೇಷ್ಟ್ರೆ," ಎನ್ನುತ್ತಿದ್ದಳು ಆ ಹೆಂಗಸು. ಸಿಟ್ಟಿಗಿಂತ ಅವಳಿಗೆ ಆಶ್ಚರ್ಯವೇ ಹೆಚ್ಚಾಗಿತ್ತು. "ನಿಮ್ಮನ್ನೇ ನೋಡ್ತಾ ನಿಂತಿದ್ದೆನಲ್ಲ!"

ಇವರು ಕಾರಿನ ಬಾನೆಟ್ಟಿಗೆ ಕೈಯೂರಿ ನಿಂತಿದ್ದರು. ನನ್ನನ್ನು ಕಂಡು, "ಇವತ್ತು ಒಂದು ಸಲಾನೂ ಕೂಗಲಿಲ್ಲ ಕಣೇ," ಎಂದರು. "ರಸ್ತೆ ಖಾಲಿ ಇದೆ ಅಂದ್ಕೊಂಡೆ."

ಆ ಹೆಂಗಸನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಊರಿಗೆ ಇರುವುದು ಒಂದೇ ಆಸ್ಪತ್ರೆ. ಮಗಳು ವಾರ್ಡಿನಿಂದ ಮೆಟ್ಟಿಲು ಇಳಿದು ಓಡಿಬಂದಳು. ಮೊದಲು ತನ್ನ ಮಗುವಿನ ನೆತ್ತಿಯಿಂದ ಪಾದದವರೆಗೆ ಒತ್ತಿ ಒತ್ತಿ ನೋಡಿದಳು. ಆಮೇಲೆ ಆ ಹೆಂಗಸಿನ ಜೊತೆ ಒಳಗೆ ಹೋದಳು. ಮೊಣಕೈ ಹತ್ತಿರ ಮೂಳೆ ಬಿರುಕು ಬಿಟ್ಟಿದೆ, ಪ್ಲಾಸ್ಟರ್ ಹಾಕುತ್ತಾರೆ ಎಂದು ಬಂದು ಹೇಳಿದಳು. ನಾವು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆವು. ಮಗು ನಮ್ಮಿಬ್ಬರ ನಡುವೆ ನೀರಿನ ಬಾಟಲಿ ಹಿಡಿದುಕೊಂಡಿತ್ತು.

ಮಗಳು ಅಪ್ಪನ ಎದುರಿಗೆ ಮಂಡಿಯೂರಿದಳು. ಅವಳ ಕೆಲಸವೇ ಅದು, ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಪ್ಪ, ನನ್ನ ಮೂಗನ್ನೇ ನೋಡಿ. ಕಣ್ಣು ಆಡಿಸಬೇಡಿ. ನಿಮ್ಮ ಎಡಗಡೆ ಎಷ್ಟು ಬೆರಳು ತೋರಿಸ್ತಿದೀನಿ?"

ಇವರು ಮಗಳ ಮೂಗನ್ನೇ ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿದರು. "ಎರಡು" ಎಂದರು.

ಅವಳು ಕೈಯನ್ನೇ ಎತ್ತಿರಲಿಲ್ಲ. ಎರಡೂ ಕೈ ಅವಳ ಮಡಿಲಲ್ಲಿದ್ದವು. ಅವಳು ಅಪ್ಪನ ಕೆನ್ನೆ ಸವರಿ, ಎದ್ದು ನನ್ನ ಕಡೆ ತಿರುಗಿದಳು.

"ಅಮ್ಮ, ನಿಂಗೆ ಗೊತ್ತಿತ್ತಾ?"

"ಅವಳಿಗೇನೂ ಗೊತ್ತಿರಲಿಲ್ಲ," ಎಂದರು ಇವರು ಥಟ್ಟನೆ. "ನಾನೇ ಯಾರಿಗೂ ಹೇಳಿರಲಿಲ್ಲ."

ನನ್ನ ಪರವಾಗಿ ಇವರು ಸುಳ್ಳು ಹೇಳಿದರು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಸುಮ್ಮನಿದ್ದು ಸುಮ್ಮನಿದ್ದೇ ಇಲ್ಲಿಗೆ ಬಂದಿದ್ದೆ.

"ಗೊತ್ತಿತ್ತು" ಎಂದೆ.

"ಯಾವಾಗಿಂದ?"

"ಸೋಮವಾರ ಸಂಜೆಯಿಂದ."

ಮಗಳು ನನ್ನ ಮುಖವನ್ನೇ ನೋಡಿದಳು. ಕಿರುಚಿದ್ದರೆ ವಾಸಿಯಿತ್ತು. ಅವಳ ದನಿ ರೋಗಿಗಳ ಹತ್ತಿರ ಮಾತಾಡುವಾಗಿನ ಹಾಗೆ ಮೆತ್ತಗಿತ್ತು.

"ಮಂಗಳವಾರ, ಬುಧವಾರ, ಇವತ್ತು," ಎಂದಳು. "ಮೂರು ದಿನ ನೀನೇ ಅವಳನ್ನ ಸೀಟಲ್ಲಿ ಕೂರಿಸಿ, ಬೆಲ್ಟ್ ಹಾಕಿ ಕಳಿಸಿದೀಯ."

"ಹೌದು," ಎಂದೆ. "ಬಿಗಿಯಾಗೇ ಹಾಕಿದ್ದೆ ಕಣೇ."

ಮಗಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.